ಬೋನುಸಾಲಿನ ಕಿರುಪಿಸ್ತೂಲು: 2.6 ಗ್ರಾಂ ಗುಂಡಿನ ಭೌತವಿಜ್ಞಾನ

ಪದವಿಪೂರ್ವ ತರಗತಿಯಲ್ಲಿ ಸಂವೇಗ ಸಂರಕ್ಷಣೆಯ ನಿಯಮವನ್ನು ಪಾಠ ಮಾಡುವಾಗ ಬಂದೂಕಿನ ಉದಾಹರಣೆ ಬಂದೇ ಬರುತ್ತದೆ. ಗುಂಡು ಮುಂದಕ್ಕೆ, ಬಂದೂಕು ಹಿಂದಕ್ಕೆ. ಎರಡರ ಸಂವೇಗಗಳ ಮೊತ್ತ ಸೊನ್ನೆ. ಎರಡು ಸಾಲಿನ ಲೆಕ್ಕ ಮುಗಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಆ ಬಂದೂಕು ಎಷ್ಟು ದೊಡ್ಡದು, ಅದನ್ನು ಯಾರು ಯಾವ ಕೆಲಸಕ್ಕಾಗಿ ಹಿಡಿದಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದೇ ಲೆಕ್ಕ ಬಹಳಷ್ಟನ್ನು ಹೇಳಬಲ್ಲದು.

ಈ ಲೇಖನದಲ್ಲಿ ಅಂಥದೊಂದು ನಿಜವಾದ ಸಂದರ್ಭವನ್ನು ತೆಗೆದುಕೊಳ್ಳೋಣ. ಕೆನಡಾದ ಉತ್ತರ ಭಾಗ ಮತ್ತು ಅಲಾಸ್ಕದ ಕಾಡುಗಳಲ್ಲಿ ಚಳಿಗಾಲದಲ್ಲಿ ತುಪ್ಪಳದ ಪ್ರಾಣಿಗಳನ್ನು ಹಿಡಿಯುವ ಬೋನುಬೇಟೆಗಾರರಿದ್ದಾರೆ. ಕರಡಿ, ತೋಳ, ಮೂಸ್ ಎಂಬ ದೈತ್ಯ ಕಡವೆ ಓಡಾಡುವ ನಾಡು ಅದು. ಆದರೂ ಅವರಲ್ಲಿ ಅನೇಕರು ಸೊಂಟಕ್ಕೆ ಕಟ್ಟಿಕೊಳ್ಳುವುದು ಬಂದೂಕುಗಳಲ್ಲೇ ಅತಿ ಸಣ್ಣದೆನ್ನಬಹುದಾದ .22 ಅಂಗುಲ ವ್ಯಾಸದ ಗುಂಡಿನ ಒಂದು ಸರಳ ಪಿಸ್ತೂಲು ಅಥವಾ ರಿವಾಲ್ವರ್. ಯಾಕೆ ಹೀಗೆ? ಇದು ಬಡತನವೂ ಅಲ್ಲ, ಹಳೆಯ ರೂಢಿಯೂ ಅಲ್ಲ. ಕೆಲಸಕ್ಕೆ ಎಷ್ಟು ಶಕ್ತಿ ಬೇಕೋ ಅಷ್ಟನ್ನೇ ಹೊತ್ತೊಯ್ಯುವ ಲೆಕ್ಕಾಚಾರ ಇದರ ಹಿಂದಿದೆ. ಆ ಲೆಕ್ಕವನ್ನು ನಾವೂ ಮಾಡಿ ನೋಡಬಹುದು.

ಬೋನುಸಾಲು ಎಂದರೇನು?

ಕಾಡಿನ ಹಾದಿಯೊಂದರ ಉದ್ದಕ್ಕೂ ಅಲ್ಲಲ್ಲಿ ಬೋನು, ಉರುಳುಗಳನ್ನು ಒಡ್ಡಿ, ಅವುಗಳನ್ನು ಸರದಿಯಂತೆ ನೋಡಿಕೊಂಡು ಬರುವ ಮಾರ್ಗಕ್ಕೆ ಇಂಗ್ಲಿಷಿನಲ್ಲಿ ಟ್ರಾಪ್‌ಲೈನ್ ಎನ್ನುತ್ತಾರೆ. ನಾವು ಬೋನುಸಾಲು ಎಂದು ಕರೆಯೋಣ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಇಂಥ ಸಾಲುಗಳನ್ನು ನೋಂದಾಯಿಸುವ ಪದ್ಧತಿ 1926ರಲ್ಲಿ ಬಂತು. ನೋಂದಾಯಿತ ಸಾಲಿನಲ್ಲಿ ಅದರ ಒಡೆಯ ಮಾತ್ರ ಬೋನು ಇಡಬಹುದು. ಬೀವರ್, ಲಿಂಕ್ಸ್ ಎಂಬ ಕಾಡುಬೆಕ್ಕು, ನರಿ, ಮಾರ್ಟೆನ್ ಇವೆಲ್ಲ ಈ ಸಾಲುಗಳಲ್ಲಿ ಸಿಗುವ ಪ್ರಾಣಿಗಳು. ಮಾರ್ಟೆನ್ ನಮಗೆ ಪೂರ್ತಿ ಅಪರಿಚಿತವಲ್ಲ. ಪಶ್ಚಿಮ ಘಟ್ಟದ ಅಪರೂಪದ ನೀಲಗಿರಿ ಮಾರ್ಟೆನ್ ಅದರ ಹತ್ತಿರದ ಬಂಧು. ಚಳಿಗಾಲದಲ್ಲಿ ತುಪ್ಪಳ ದಟ್ಟವಾಗಿರುವುದರಿಂದ ಬೇಟೆಯ ಕಾಲವೂ ಅದೇ.

ಬೋನುಗಳಲ್ಲಿ ಎರಡು ಬಗೆ. ಒಂದು, ಪ್ರಾಣಿಯನ್ನು ಅಲ್ಲಿಯೇ ಕೊಲ್ಲುವಂಥದು. ಕೆನಡಾದ ಬೋನುಬೇಟೆಗಾರ ಫ್ರಾಂಕ್ ಕಾನಿಬೇರ್ ರೂಪಿಸಿ, 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಸ್ಪ್ರಿಂಗಿನ ಬೋನು ಈ ಬಗೆಯದು. ಇನ್ನೊಂದು, ಪ್ರಾಣಿಯ ಕಾಲನ್ನು ಹಿಡಿದಿಟ್ಟುಕೊಳ್ಳುವಂಥದು. ಎರಡನೆಯದರಲ್ಲಿ ಬೇಟೆಗಾರ ಬರುವವರೆಗೆ ಪ್ರಾಣಿ ಜೀವಂತವಾಗಿರುತ್ತದೆ. ಬಂದ ಮೇಲೆ ಅದರ ನೋವನ್ನು ತಡಮಾಡದೆ ಕೊನೆಗಾಣಿಸುವ ಹೊಣೆ ಅವನದು. ಕಿರುಪಿಸ್ತೂಲಿನ ಮುಖ್ಯ ಕೆಲಸ ಇದೇ. ದೂರ ಎರಡು ಮೂರು ಮೀಟರು, ಗುರಿ ಚಿಕ್ಕದು, ಚರ್ಮ ಹಾಳಾಗಬಾರದು, ಒಂದೇ ಗುಂಡಿನಲ್ಲಿ ಪ್ರಜ್ಞೆ ಹೋಗಬೇಕು. ಜೊತೆಗೆ ಆ ಆಯುಧ ಹಿಮಪಾದುಕೆ ತೊಟ್ಟು ದಿನವಿಡೀ ನಡೆಯುವವನಿಗೆ ಭಾರವಾಗಬಾರದು, ಎರಡು ಕೈಗೂ ಅಡ್ಡಿಯಾಗಬಾರದು.

ಅಂಚಿನಲ್ಲಿ ಅಡಗಿದ ಕಿಡಿ

.22 ಕಾಡತೂಸಿನ ಇತಿಹಾಸ ಸಣ್ಣದೇನಲ್ಲ. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಮನೆಯೊಳಗಿನ ಗುರಿಯಾಟಕ್ಕೆ ಪುಟ್ಟ ಕಾಡತೂಸನ್ನು ತಯಾರಿಸಿದ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಈ ಬಗೆಯ ಕಾಡತೂಸಿನ ಏಳು ಗುಂಡಿನ ರಿವಾಲ್ವರನ್ನು ಹೊರತಂದಿತು. ಈಗ ಎಲ್ಲೆಡೆ ಬಳಕೆಯಲ್ಲಿರುವ '.22 ಲಾಂಗ್ ರೈಫಲ್' ಕಾಡತೂಸನ್ನು 1887ರಲ್ಲಿ ಸ್ಟೀವನ್ಸ್ ಕಂಪನಿ ರೂಪಿಸಿತು. ಹೆಸರಿನಲ್ಲಿ ರೈಫಲ್ ಎಂದಿದ್ದರೂ ಪಿಸ್ತೂಲಿಗೂ ಅದೇ. ಕಾಡಿನಲ್ಲಿ ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಸರಿಟ್ಟ ಆಯುಧಗಳೂ ಬಂದವು. ಕೋಲ್ಟ್ ಕಂಪನಿ 1915ರಲ್ಲಿ ತಂದ .22 ಪಿಸ್ತೂಲು 1927ರಿಂದ 'ವುಡ್ಸ್‌ಮನ್' ಎಂಬ ಹೆಸರು ಪಡೆಯಿತು. ರೂಗರ್ ಕಂಪನಿಯ 'ಸಿಂಗಲ್ ಸಿಕ್ಸ್' ರಿವಾಲ್ವರ್ 1953ರಲ್ಲೂ, ಸುಮಾರು ಅರ್ಧ ಕಿಲೋಗ್ರಾಂ ತೂಕದ 'ಬೇರ್‌ಕ್ಯಾಟ್' 1958ರಲ್ಲೂ ಬಂದವು.

ಈ ಕಾಡತೂಸಿನ ವಿಶೇಷ ಅದರ ಅಂಚಿನಲ್ಲಿದೆ. ಹಿತ್ತಾಳೆಯ ಪುಟ್ಟ ಕೊಳವೆಯ ತಳ ಸುತ್ತಲೂ ಹೊರಚಾಚಿ ಮಡಚಿಕೊಂಡಿರುತ್ತದೆ. ಆ ಮಡಿಕೆಯೊಳಗೆ ಹೊಡೆತಕ್ಕೆ ಸಿಡಿಯುವ ರಾಸಾಯನಿಕವನ್ನು ತುಂಬಿರುತ್ತಾರೆ. ತಯಾರಿಸುವಾಗ ಒದ್ದೆ ಮಿಶ್ರಣವನ್ನು ಗಿರ್ರನೆ ತಿರುಗಿಸಿ ಅಂಚಿಗೆ ತಳ್ಳಲಾಗುತ್ತದೆ. ಬಟ್ಟೆ ಒಗೆಯುವ ಯಂತ್ರದಲ್ಲಿ ನೀರು ಹೊರಕ್ಕೆ ಸರಿಯುವುದನ್ನು ನೆನೆದುಕೊಳ್ಳಿ. ಪಿಸ್ತೂಲಿನ ಸುತ್ತಿಗೆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ ಒಳಗಿನ ಮದ್ದಿಗೆ ಹೊತ್ತಿಕೊಳ್ಳುತ್ತದೆ.

ಇಲ್ಲಿಯೇ ಒಂದು ಭೌತಿಕ ಮಿತಿ ಅಡಗಿದೆ. ಸುತ್ತಿಗೆಯ ಹೊಡೆತಕ್ಕೆ ಅಂಚು ತಗ್ಗಬೇಕಾದರೆ ಲೋಹ ತೆಳುವಾಗಿರಬೇಕು. ಲೋಹ ತೆಳುವಾದರೆ ಹೆಚ್ಚಿನ ಒತ್ತಡ ತಡೆಯದು. ಆದ್ದರಿಂದ ಅಂಚುಕಿಡಿಯ ಕಾಡತೂಸು ಕಡಿಮೆ ಒತ್ತಡದ್ದಾಗಿಯೇ ಉಳಿಯುತ್ತದೆ. ದೊಡ್ಡ ಬಂದೂಕುಗಳಲ್ಲಿ ದಪ್ಪ ತಳದ ನಡುವೆ ಬೇರೆಯಾದ ಕಿಡಿಬಟ್ಟಲನ್ನು ಕೂರಿಸುವುದು ಇದೇ ಕಾರಣಕ್ಕೆ.

ನಳಿಗೆಯೊಳಗೆ ಏನಾಗುತ್ತದೆ?

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯ .22 ಗುಂಡಿನ ದ್ರವ್ಯರಾಶಿ 2.6 ಗ್ರಾಂ, ವ್ಯಾಸ ಸುಮಾರು 5.7 ಮಿಲಿಮೀಟರ್. ಅದನ್ನು ತಳ್ಳುವ ಮದ್ದು ಸುಮಾರು 0.1 ಗ್ರಾಂ ಮಾತ್ರ, ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಸಣ್ಣ ಪಿಸ್ತೂಲಿನಿಂದ ಹೊರಬೀಳುವಾಗ ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್ ಎಂದು ಇಟ್ಟುಕೊಳ್ಳೋಣ. ನಳಿಗೆಯಲ್ಲಿ ಗುಂಡು ಸಾಗುವ ದೂರ 12 ಸೆಂಟಿಮೀಟರ್ ಇರಲಿ.

ಚಲನಶಕ್ತಿ = ½ × 0.0026 × 300 × 300 = 117 ಜೂಲ್.

ಈ ಶಕ್ತಿ 0.12 ಮೀಟರ್ ದೂರದಲ್ಲಿ ಮಾಡಿದ ಕೆಲಸದಿಂದ ಬಂದದ್ದು. ಆದ್ದರಿಂದ ಸರಾಸರಿ ಬಲ 117 ÷ 0.12, ಅಂದರೆ ಸುಮಾರು 975 ನ್ಯೂಟನ್. ನೂರು ಕಿಲೋಗ್ರಾಂ ಮೂಟೆಯ ತೂಕದಷ್ಟು ಬಲ ಬಟಾಣಿ ಗಾತ್ರದ ಗುಂಡಿನ ಬೆನ್ನಿಗೆ ಬೀಳುತ್ತದೆ! ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 25 ಚದರ ಮಿಲಿಮೀಟರ್ ಆದ್ದರಿಂದ ಅನಿಲದ ಸರಾಸರಿ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 390 ಪಟ್ಟು. ಇದು ಸರಾಸರಿ ಮಾತ್ರ. ಗುಂಡು ಹೊರಡುವ ಕ್ಷಣದಲ್ಲಿ ಒತ್ತಡ ಇದಕ್ಕಿಂತ ಬಹಳ ಹೆಚ್ಚು. ಅಮೆರಿಕದ ತಯಾರಕರ ಮಾನಕದ ಪ್ರಕಾರ ಈ ಕಾಡತೂಸಿಗೆ ಗರಿಷ್ಠ ಮಿತಿ ವಾಯುಮಂಡಲದ ಒತ್ತಡದ 1,600 ಪಟ್ಟಿಗೂ ತುಸು ಹೆಚ್ಚು. ಅಡುಗೆಮನೆಯ ಪ್ರೆಶರ್ ಕುಕರಿನಲ್ಲಿ ಇರುವುದು ಸುಮಾರು ಎರಡು ಪಟ್ಟು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಕಮ್ಮಾರಶಾಲೆಯ ಕೊಳವೆಯಿಂದ ನಾಡಪಿಸ್ತೂಲು ಮಾಡಲು ಹೊರಟವರ ಕೈಯಲ್ಲೇ ಅದು ಸಿಡಿಯುವುದು ಯಾಕೆಂದು ಈ ಅಂಕಿಯೇ ಹೇಳುತ್ತದೆ.

ವೇಗೋತ್ಕರ್ಷ ಸ್ಥಿರವೆಂದು ಭಾವಿಸಿದರೆ ಗುಂಡು ನಳಿಗೆಯಲ್ಲಿರುವ ಕಾಲ 0.0008 ಸೆಕೆಂಡು. ಅಷ್ಟು ಕಾಲದಲ್ಲಿ 117 ಜೂಲ್ ಶಕ್ತಿ ಕೊಡುವ ಯಂತ್ರದ ಸಾಮರ್ಥ್ಯ ಸುಮಾರು 146 ಕಿಲೋವ್ಯಾಟ್, ಹೆಚ್ಚುಕಡಿಮೆ 195 ಅಶ್ವಶಕ್ತಿ. ಒಂದು ಲಾರಿಯ ಎಂಜಿನ್ನಿನ ಸಾಮರ್ಥ್ಯ! ಆದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟೂ ಕಾಲವಲ್ಲ. ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂದು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಳಿಗೆ ಉದ್ದವಿದ್ದರೆ ವೇಗ ಹೆಚ್ಚಬೇಕಲ್ಲವೇ? ಹೌದು. ಆದರೆ ನಾವು ಎಣಿಸಿದಷ್ಟಲ್ಲ. ಒತ್ತಡ ಒಂದೇ ಸಮನಾಗಿದ್ದರೆ ನಾಲ್ಕು ಪಟ್ಟು ಉದ್ದದ ನಳಿಗೆಯಲ್ಲಿ ವೇಗ ಎರಡು ಪಟ್ಟಾಗಬೇಕಿತ್ತು. ನಿಜದಲ್ಲಿ ಅನಿಲ ಹಿಗ್ಗಿದಂತೆ ಒತ್ತಡ ಕುಸಿಯುತ್ತದೆ. 0.1 ಗ್ರಾಂ ಮದ್ದು ಬೇಗನೆ ಉರಿದು ಮುಗಿಯುತ್ತದೆ. ನಳಿಗೆ ಸುಮಾರು 40-45 ಸೆಂಟಿಮೀಟರ್ ದಾಟಿದ ಮೇಲೆ ಅನಿಲದ ತಳ್ಳುವಿಕೆ ಘರ್ಷಣೆಗೆ ಸಮನಾಗಿ, ಆಮೇಲಿನ ಉದ್ದದಿಂದ ಲಾಭವೇ ಇಲ್ಲ. ಹೀಗಾಗಿ ಉದ್ದ ನಳಿಗೆಯ ರೈಫಲಿನಲ್ಲೂ ಈ ಗುಂಡಿನ ವೇಗ ಸೆಕೆಂಡಿಗೆ 330ರಿಂದ 380 ಮೀಟರ್. ಎರಡು ಮೂರು ಕಿಲೋಗ್ರಾಂ ತೂಕದ ರೈಫಲನ್ನು ಬಿಟ್ಟು ಪಿಸ್ತೂಲು ಒಯ್ಯುವ ಬೇಟೆಗಾರ ವೇಗದಲ್ಲಿ ಕಳೆದುಕೊಳ್ಳುವುದು ಹತ್ತರಿಂದ ಇಪ್ಪತ್ತು ಪ್ರತಿಶತ ಮಾತ್ರ. ದೊಡ್ಡ ಕಾಡತೂಸುಗಳಲ್ಲಿ ಈ ನಷ್ಟ ಇದಕ್ಕಿಂತ ಹೆಚ್ಚಿರುತ್ತದೆ.

ಕ್ರಿಕೆಟ್ ಚೆಂಡು ಮತ್ತು ಗುಂಡು

117 ಜೂಲ್ ಎಂದರೆ ಎಷ್ಟು? 160 ಗ್ರಾಂ ತೂಕದ ಕ್ರಿಕೆಟ್ ಚೆಂಡನ್ನು ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದರೆ ಅದರ ಚಲನಶಕ್ತಿ 121 ಜೂಲ್. ಅಂದರೆ ಗುಂಡಿನದೂ ಚೆಂಡಿನದೂ ಹೆಚ್ಚುಕಡಿಮೆ ಒಂದೇ ಶಕ್ತಿ! ಹಾಗಾದರೆ ಚೆಂಡು ಪ್ಯಾಡಿಗೆ ಬಡಿದು ಕೆಳಗೆ ಬೀಳುತ್ತದೆ, ಗುಂಡು ಮಾತ್ರ ಮೂಳೆಯನ್ನು ತೂರುತ್ತದೆ, ಯಾಕೆ?

ಉತ್ತರ ವಿಸ್ತೀರ್ಣದಲ್ಲಿದೆ. ಚೆಂಡಿನ ಅಡ್ಡಕೊಯ್ತ ಸುಮಾರು 41 ಚದರ ಸೆಂಟಿಮೀಟರ್. ಗುಂಡಿನದು ಕಾಲು ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಚೆಂಡು ತರುವುದು 3 ಜೂಲ್, ಗುಂಡು ತರುವುದು ಸುಮಾರು 470 ಜೂಲ್. ಮೊಂಡು ಕತ್ತಿಗೂ ಹರಿತ ಕತ್ತಿಗೂ ಇರುವ ವ್ಯತ್ಯಾಸವೇ ಇದು. ಸಂವೇಗದಲ್ಲಿ ಮಾತ್ರ ಚೆಂಡೇ ಮುಂದು: ಅದರ ಸಂವೇಗ 6.2 ಘಟಕ, ಗುಂಡಿನದು 0.78. ಸಿನಿಮಾದಲ್ಲಿ ಗುಂಡು ತಗುಲಿದವನು ಗಾಳಿಯಲ್ಲಿ ಹಾರಿ ಹಿಂದಕ್ಕೆ ಬೀಳುವುದು ಭೌತವಿಜ್ಞಾನದ ಪ್ರಕಾರ ಅಸಾಧ್ಯ. ಚೆಂಡು ತಗುಲಿದ ಬ್ಯಾಟ್ಸ್‌ಮನ್ನೇ ಹಾಗೆ ಹಾರುವುದಿಲ್ಲ!

ನರಿ, ಲಿಂಕ್ಸ್‌ಗಳಂಥ ಪ್ರಾಣಿಯ ತಲೆಬುರುಡೆ ತೆಳು. ಎರಡು ಮೂರು ಮೀಟರ್ ದೂರದಿಂದ ಈ ಶಕ್ತಿ ಅದಕ್ಕೆ ಧಾರಾಳವಾಗಿ ಸಾಕು. ಮೂರು ಮೀಟರ್ ಸಾಗಲು ಗುಂಡಿಗೆ ಬೇಕಾದದ್ದು ಸೆಕೆಂಡಿನ ನೂರನೇ ಒಂದು ಭಾಗ. ಪ್ರಾಣಿಗೆ ಶಬ್ದ ಕೇಳಿ ಬೆಚ್ಚುವಷ್ಟೂ ಸಮಯವಿಲ್ಲ. ಹತ್ತು ಪಟ್ಟು ಶಕ್ತಿಯ ಗುಂಡು ಹೊಡೆದರೆ ಪ್ರಾಣಿ ಹತ್ತು ಪಟ್ಟು ಬೇಗ ಸಾಯುವುದಿಲ್ಲ. ಚರ್ಮ ಹರಿಯುತ್ತದೆ, ಉಳಿದ ಶಕ್ತಿ ಹೊತ್ತ ಗುಂಡು ಆಚೆ ಹಾರಿಹೋಗುತ್ತದೆ.

ಹಿಂದೊದೆತದ ಲೆಕ್ಕ

ಇನ್ನು ನಮ್ಮ ಪಠ್ಯದ ಲೆಕ್ಕ. ರಿವಾಲ್ವರಿನ ದ್ರವ್ಯರಾಶಿ 780 ಗ್ರಾಂ ಎನ್ನೋಣ. ಗುಂಡಿನ ಸಂವೇಗ 0.78 ಆದ್ದರಿಂದ ರಿವಾಲ್ವರಿನ ಹಿಂದೊದೆತದ ವೇಗ ಸೆಕೆಂಡಿಗೆ 1 ಮೀಟರ್. ಅದರ ಚಲನಶಕ್ತಿ ಕೇವಲ 0.39 ಜೂಲ್. ಸಂವೇಗ ಸಮನಾಗಿ ಹಂಚಿಕೆಯಾಯಿತು. ಶಕ್ತಿ ಮಾತ್ರ 300ಕ್ಕೆ 1ರಂತೆ ಹಂಚಿಕೆಯಾಯಿತು. ದ್ರವ್ಯರಾಶಿಗಳ ಅನುಪಾತವೂ 780 ÷ 2.6 = 300 ಎಂಬುದನ್ನು ಗಮನಿಸಿ. ಹಗುರವಾದ ವಸ್ತುವಿಗೆ ಶಕ್ತಿಯ ಸಿಂಹಪಾಲು ಎಂಬುದು ಇಲ್ಲಿನ ಪಾಠ. (ಹೊರಬೀಳುವ ಅನಿಲವೂ ಒಂದಿಷ್ಟು ಸಂವೇಗ ಒಯ್ಯುತ್ತದೆ, ಸರಳತೆಗಾಗಿ ಅದನ್ನು ಬಿಟ್ಟಿದ್ದೇವೆ.)

ಇದನ್ನು 1955ರಲ್ಲಿ ಬಂದ .44 ಮ್ಯಾಗ್ನಂ ರಿವಾಲ್ವರಿನೊಂದಿಗೆ ಹೋಲಿಸಿ. ಗುಂಡು 15.5 ಗ್ರಾಂ, ವೇಗ ಸುಮಾರು 410 ಮೀಟರ್, ಶಕ್ತಿ 1,300 ಜೂಲ್. ರಿವಾಲ್ವರಿನ ತೂಕ 1.3 ಕಿಲೋಗ್ರಾಂ ಎಂದಿಟ್ಟುಕೊಂಡರೆ ಹಿಂದೊದೆತದ ಶಕ್ತಿ ಸುಮಾರು 15.5 ಜೂಲ್. ಗುಂಡಿನ ಶಕ್ತಿ ಹನ್ನೊಂದು ಪಟ್ಟಾದರೆ ಕೈಗೆ ಬೀಳುವ ಒದೆತ ನಲವತ್ತು ಪಟ್ಟು! ಕರಡಿಯನ್ನು ಎದುರಿಸಬೇಕಾದವನಿಗೆ ಅದು ಬೇಕಾದೀತು. ಆದರೆ ಮರಗಟ್ಟಿದ ಬೆರಳುಗಳಿಂದ ಚಿಕ್ಕ ಗುರಿಗೆ ಹೊಡೆಯಬೇಕಾದವನು ಒದೆತಕ್ಕೆ ಅಂಜಿ ಟ್ರಿಗರ್ ಎಳೆಯುವ ಮೊದಲೇ ಕೈ ಅದುರಿಸಿದರೆ ಗುರಿ ತಪ್ಪುತ್ತದೆ. ತಪ್ಪಿದ ಗುಂಡಿನ ಬೆಲೆ ತೆರುವುದು ಬೋನಿನಲ್ಲಿರುವ ಜೀವ. ಹೊರುವ ತೂಕವನ್ನೂ ನೋಡಿ: ಐವತ್ತು .22 ಕಾಡತೂಸುಗಳ ಪೆಟ್ಟಿಗೆ ಸುಮಾರು 170 ಗ್ರಾಂ, ಐವತ್ತು.44 ಮ್ಯಾಗ್ನಂ ಕಾಡತೂಸುಗಳು ಒಂದು ಕಿಲೋಗ್ರಾಮಿಗೂ ಹೆಚ್ಚು.

ತಿರುಗುವ ಗುಂಡು, ಗಿಡ್ಡ ಗುರಿರೇಖೆ

ನಳಿಗೆಯ ಒಳಮೈಯಲ್ಲಿ ಸುರುಳಿಯಾದ ತೋಡುಗಳಿರುತ್ತವೆ. .22 ನಳಿಗೆಯಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೆ, ಅಂದರೆ 40.6 ಸೆಂಟಿಮೀಟರಿಗೆ ಒಂದು ಸುತ್ತು. ನಮ್ಮ 12 ಸೆಂಟಿಮೀಟರ್ ದಾರಿಯಲ್ಲಿ ಗುಂಡು ಮೂರನೇ ಒಂದು ಸುತ್ತನ್ನೂ ಪೂರ್ತಿ ತಿರುಗಿರುವುದಿಲ್ಲ. ಆದರೆ ಹೊರಬೀಳುವಾಗ ಅದು ಸೆಕೆಂಡಿಗೆ 740 ಸುತ್ತು, ನಿಮಿಷಕ್ಕೆ 44,000 ಸುತ್ತಿನ ವೇಗದಲ್ಲಿ ಬುಗುರಿಯಂತೆ ತಿರುಗುತ್ತಿರುತ್ತದೆ. ಈ ತಿರುಗುವಿಕೆಗೆ ಖರ್ಚಾದ ಶಕ್ತಿ 0.1 ಜೂಲ್ ಮಾತ್ರ, ಒಟ್ಟು ಶಕ್ತಿಯ ಸಾವಿರದ ಒಂದು ಪಾಲು. ಅಷ್ಟು ಅಗ್ಗದ ಬೆಲೆಗೆ ಗುಂಡು ಪಲ್ಟಿ ಹೊಡೆಯದೆ ಮೂತಿ ಮುಂದಾಗಿ ಸಾಗುತ್ತದೆ.

ಆದರೂ ಪಿಸ್ತೂಲಿನಲ್ಲಿ ಗುರಿ ತಪ್ಪುವುದು ಸುಲಭ. ಕಾರಣ ಸರಳ ರೇಖಾಗಣಿತ. ಹಿಂಗುರಿ ಮುಂಗುರಿಗಳ ನಡುವಿನ ಅಂತರ 15 ಸೆಂಟಿಮೀಟರ್ ಇದ್ದು, ಹೊಂದಿಸುವಾಗ ಒಂದು ಮಿಲಿಮೀಟರ್ ತಪ್ಪಾದರೆ 50 ಮೀಟರ್ ದೂರದಲ್ಲಿ ತಪ್ಪು 33 ಸೆಂಟಿಮೀಟರ್. 60 ಸೆಂಟಿಮೀಟರ್ ಅಂತರದ ರೈಫಲಿನಲ್ಲಿ ಅದು 8 ಸೆಂಟಿಮೀಟರ್. ಆದರೆ ಮೂರು ಮೀಟರ್ ದೂರದಲ್ಲಿ ಪಿಸ್ತೂಲಿನ ತಪ್ಪೂ ಎರಡು ಸೆಂಟಿಮೀಟರ್ ಅಷ್ಟೆ. ಬೋನುಸಾಲಿನಲ್ಲಿ ಪಿಸ್ತೂಲು ಸಾಕೆನ್ನುವುದು, ದೂರದ ಬೇಟೆಗೆ ಅದು ಸಲ್ಲದೆನ್ನುವುದು ಎರಡೂ ಒಂದೇ ತ್ರಿಕೋನದಿಂದ ಬಂದ ತೀರ್ಮಾನಗಳು.

ಚಳಿಗೆ ಅಂಜದ ಸರಳ ಯಂತ್ರ

ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಆಯುಧಕ್ಕೂ ಸಂಕಟ. ಎಣ್ಣೆ ಜೇನಿನಂತೆ ಗಟ್ಟಿಯಾಗುತ್ತದೆ. ಮದ್ದು ತುಸು ನಿಧಾನವಾಗಿ ಉರಿದು ಒತ್ತಡ ಇಳಿಯುತ್ತದೆ. ತಾನೇ ಕಾಡತೂಸು ತುಂಬಿಕೊಳ್ಳುವ ಪಿಸ್ತೂಲಿಗೆ ಇದು ತೊಡಕು. ಅಲ್ಲಿ ಖಾಲಿ ಕೊಳವೆಯನ್ನು ಹೊರಹಾಕಿ, ಸ್ಪ್ರಿಂಗನ್ನು ಒತ್ತಿ, ಹೊಸ ಕಾಡತೂಸನ್ನು ತಳ್ಳುವ ಕೆಲಸವೆಲ್ಲ ಹಿಂದೊದೆತದ ಶಕ್ತಿಯಿಂದಲೇ ಆಗಬೇಕು. ಹಿಂದಕ್ಕೆ ಚಲಿಸುವ ಭಾಗ 200 ಗ್ರಾಂ ಇದ್ದರೆ ಅದಕ್ಕೆ ದೊರಕುವ ಶಕ್ತಿ ಒಂದೂವರೆ ಜೂಲ್ ಮಾತ್ರ. ಗಟ್ಟಿಯಾದ ಎಣ್ಣೆ ಅದರಲ್ಲಿ ಅರ್ಧ ನುಂಗಿದರೆ ಯಂತ್ರ ನಡುವೆಯೇ ನಿಲ್ಲುತ್ತದೆ. ರಿವಾಲ್ವರಿನ ಗಾಲಿಯನ್ನು ತಿರುಗಿಸುವುದು ಬೇಟೆಗಾರನ ಹೆಬ್ಬೆರಳು. ಅದರ ಶಕ್ತಿ ಮದ್ದನ್ನು ಅವಲಂಬಿಸಿಲ್ಲ. ಅಂಚಿನಲ್ಲಿ ಕಿಡಿಮಿಶ್ರಣ ಸಮವಾಗಿ ಹರಡದೆ ಕಾಡತೂಸೊಂದು ಸಿಡಿಯದಿದ್ದರೂ ಮುಂದಿನದು ಗಾಲಿಯಲ್ಲಿ ಸಿದ್ಧವಾಗಿರುತ್ತದೆ. (ಹಾಗೆ ಸಿಡಿಯದಿದ್ದಾಗ ನಳಿಗೆಯನ್ನು ನಿರಪಾಯದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಬೇಕೆಂಬುದು ಸುರಕ್ಷತೆಯ ನಿಯಮ, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.)

ಇನ್ನೊಂದು ಸಮಸ್ಯೆ ತೇವ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈ ಬೆವರುವುದನ್ನು ನೀವೆಲ್ಲ ನೋಡಿದ್ದೀರಿ. ಹೊರಗಿನಿಂದ ಬೆಚ್ಚಗಿನ ಗುಡಿಸಲಿಗೆ ತಂದ ರಿವಾಲ್ವರೂ ಹಾಗೆಯೇ ಬೆವರುತ್ತದೆ. ಮರುದಿನ ಹೊರಗೆ ಒಯ್ದಾಗ ಆ ಹನಿಗಳು ಯಂತ್ರದೊಳಗೆ ಮಂಜುಗಡ್ಡೆಯಾಗುತ್ತವೆ. ಅನುಭವಿಗಳು ಅದನ್ನು ಹೊರಗಿನ ಚಳಿಯಲ್ಲೇ ಬೀಗ ಹಾಕಿ ಇಡುತ್ತಾರೆ, ಎಣ್ಣೆಯನ್ನು ಒರೆಸಿ ತೆಗೆದು ಗ್ರಾಫೈಟಿನಂಥ ಒಣ ಜಾರುವಸ್ತುವನ್ನು ಬಳಸುತ್ತಾರೆ.

ಶಬ್ದದಲ್ಲೂ ಚಳಿಯ ಕೈವಾಡವಿದೆ. ಬೆಂಗಳೂರಿನ 27 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 347 ಮೀಟರ್. ಸೊನ್ನೆಗಿಂತ 30 ಡಿಗ್ರಿ ಕೆಳಗೆ ಅದು 313 ಮೀಟರ್. ಸೆಕೆಂಡಿಗೆ 320 ಮೀಟರ್ ವೇಗದ ಗುಂಡು ಬೆಂಗಳೂರಿನಲ್ಲಿ ಶಬ್ದಕ್ಕಿಂತ ಹಿಂದೆ, ಉತ್ತರ ಕೆನಡಾದಲ್ಲಿ ಶಬ್ದಕ್ಕಿಂತ ಮುಂದೆ! ಮುಂದಾದರೆ ಆಘಾತ ತರಂಗದ 'ಛಟೀರ್' ಸದ್ದು ಸೇರಿಕೊಳ್ಳುತ್ತದೆ. 300 ಮೀಟರ್ ವೇಗದ ನಮ್ಮ ಪಿಸ್ತೂಲಿನ ಗುಂಡಿಗೆ ಆ ಸದ್ದಿಲ್ಲ. ಆದರೂ ನಳಿಗೆಯ ಬಾಯಿಂದ ಹೊಮ್ಮುವ ಅನಿಲದ ಸ್ಫೋಟ 140 ಡೆಸಿಬೆಲ್ ಮೀರುವುದರಿಂದ ಕಿವಿಗೆ ರಕ್ಷಣೆ ಬೇಕೇ ಬೇಕು.

ಸಣ್ಣದು ಆಟಿಕೆಯಲ್ಲ

ಇಷ್ಟು ಓದಿ .22 ಒಂದು ಆಟಿಕೆ ಎಂದುಕೊಂಡರೆ ಅಪಾಯ. ವಾಯುರೋಧವಿಲ್ಲದಿದ್ದರೆ 45 ಡಿಗ್ರಿ ಕೋನದಲ್ಲಿ ಹಾರಿಸಿದ ಈ ಗುಂಡು v²/g ಸೂತ್ರದಂತೆ 9 ಕಿಲೋಮೀಟರ್ ಆಚೆ ಬೀಳಬೇಕಿತ್ತು. ಗಾಳಿಯ ತಡೆಯಿಂದಾಗಿ ಅದು ಒಂದೂವರೆ ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಒಂದೂವರೆ ಕಿಲೋಮೀಟರ್ ಎಂದರೆ ಒಂದು ಊರಿನಿಂದ ಪಕ್ಕದ ಊರಿಗೆ. ಹೆಪ್ಪುಗಟ್ಟಿದ ನೆಲ ಅಥವಾ ಮಂಜುಗಡ್ಡೆಗೆ ಓರೆಯಾಗಿ ಬಡಿದ ಗುಂಡು, ಕೆರೆಯ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿದು ಎತ್ತಲೋ ಹೋಗುತ್ತದೆ. ಗುರಿಯ ಹಿಂದೆ ಏನಿದೆ ಎಂದು ನೋಡದೆ ಟ್ರಿಗರ್ ಮುಟ್ಟಬಾರದು ಎಂಬ ನಿಯಮಕ್ಕೆ ಇದೇ ಆಧಾರ.

ಇನ್ನೊಂದು ಅಪಾಯ ನಿಧಾನದ್ದು. ಗುಂಡು ಸೀಸದ್ದು, ಕಿಡಿಮಿಶ್ರಣದಲ್ಲೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಚರ್ಮ ಸುಲಿದ ದೇಹವನ್ನು ಕಾಡಿನಲ್ಲೇ ಬಿಟ್ಟರೆ ಅದರಲ್ಲಿರುವ ಸೀಸದ ಚೂರುಗಳು ಹದ್ದುಗಳ ಹೊಟ್ಟೆ ಸೇರುತ್ತವೆ. ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಹಕ್ಕಿಗಳಲ್ಲಿ ದೀರ್ಘಕಾಲದ ಸೀಸದ ವಿಷದ ಗುರುತುಗಳಿದ್ದವು. ಬೇಟೆಗಾರರ ಗುಂಡುಗಳು ಇದಕ್ಕೆ ಮುಖ್ಯ ಮೂಲ. ಸೀಸವಿಲ್ಲದ .22 ಗುಂಡುಗಳು ಈಗ ದೊರೆಯುತ್ತವೆ. ಆದರೆ ತಾಮ್ರದ ಸಾಂದ್ರತೆ ಸೀಸದ ಐದರಲ್ಲಿ ನಾಲ್ಕು ಪಾಲು ಮಾತ್ರ. ಅದೇ ಗಾತ್ರದ ಗುಂಡು ಹಗುರವಾಗಿ, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಮೂರು ಮೀಟರ್ ದೂರಕ್ಕೆ ಮಾತ್ರ ಈ ಕೊರತೆ ಲೆಕ್ಕಕ್ಕಿಲ್ಲ.

ಕಾನೂನು ಮತ್ತು ನಾವು

ಕೆನಡಾದಲ್ಲಿ ಪಿಸ್ತೂಲುಗಳ ಮೇಲೆ ಬಿಗಿಯಾದ ಹಿಡಿತವಿದೆ. ನಳಿಗೆ 105 ಮಿಲಿಮೀಟರ್ ಅಥವಾ ಅದಕ್ಕಿಂತ ಗಿಡ್ಡವಿದ್ದರೆ ಅದು ನಿಷಿದ್ಧ ವರ್ಗಕ್ಕೆ ಸೇರುತ್ತದೆ. ಪರವಾನಗಿ ಪಡೆದ ವೃತ್ತಿಪರ ಬೋನುಬೇಟೆಗಾರನಿಗೆ ಕೆಲಸದ ವೇಳೆ ಪಿಸ್ತೂಲು ಒಯ್ಯಲು ಪ್ರತ್ಯೇಕ ಅನುಮತಿ ಪಡೆಯುವ ಅವಕಾಶ ಇದೆ. 2022ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಪಿಸ್ತೂಲುಗಳ ಮಾರಾಟ, ವರ್ಗಾವಣೆಗಳನ್ನು ಬಹುಮಟ್ಟಿಗೆ ನಿಲ್ಲಿಸಿತು. 2023ರ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು.

ನಮ್ಮಲ್ಲಿ ಪ್ರಶ್ನೆಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆ ಎಂಬ ಮಾತಿನಲ್ಲಿ ಬೋನು, ಉರುಳು ಒಡ್ಡುವುದನ್ನೂ ಸೇರಿಸಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕಿಗೆ ಪರವಾನಗಿ ಬೇಕು. ಆದರೂ ಕಾಡುಹಂದಿಗೆಂದು ತೋಟದಂಚಿನಲ್ಲಿ ಒಡ್ಡಿದ ತಂತಿಯ ಉರುಳಿಗೆ ಚಿರತೆ ಸಿಕ್ಕಿಬಿದ್ದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅದೇ .22 ಕಾಡತೂಸು ನಮಗೆ ಹೆಮ್ಮೆ ತಂದದ್ದೂ ಉಂಟು: 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಬಳಸುವುದು ಇದನ್ನೇ.

ಕೊನೆಯದಾಗಿ, ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಕೆನಡಾ, ರಷ್ಯಾ ಮತ್ತು ಐರೋಪ್ಯ ಒಕ್ಕೂಟದ ನಡುವೆ 1997ರಲ್ಲಿ ಆದ ಒಪ್ಪಂದ ಕೊಲ್ಲುವ ಬೋನುಗಳಿಗೆ ಕಾಲಮಿತಿ ಹಾಕಿತು. ಪ್ರಾಣಿ ಪ್ರಜ್ಞೆ ತಪ್ಪಲು ಎರ್ಮಿನ್ ಎಂಬ ಪುಟ್ಟ ಪ್ರಾಣಿಗೆ 45 ಸೆಕೆಂಡು, ಮಾರ್ಟೆನ್‌ಗೆ 120 ಸೆಕೆಂಡು, ಉಳಿದವಕ್ಕೆ 300 ಸೆಕೆಂಡು. ಅದರ ಪಕ್ಕದಲ್ಲಿ ಗುಂಡಿನ 0.01 ಸೆಕೆಂಡು. ಕಿರುಪಿಸ್ತೂಲಿನ ಸಮರ್ಥನೆ ಈ ವ್ಯತ್ಯಾಸದಲ್ಲಿದೆ. ಆದರೆ ಬೇಟೆಗಾರ ಬರುವವರೆಗೆ ಕಾಲು ಸಿಕ್ಕಿಸಿಕೊಂಡು ಪ್ರಾಣಿ ಕಾಯುವ ಗಂಟೆಗಳನ್ನು ಯಾವ ಗುಂಡೂ ಕಡಿಮೆ ಮಾಡಲಾರದು. ಐರೋಪ್ಯ ಒಕ್ಕೂಟ ಕಾಲು ಹಿಡಿಯುವ ಬೋನುಗಳನ್ನು ತನ್ನ ನೆಲದಲ್ಲಿ ನಿಷೇಧಿಸಿದ್ದು ಆ ಗಂಟೆಗಳ ಕಾರಣಕ್ಕೆ. ಸಂವೇಗವನ್ನೂ ಶಕ್ತಿಯನ್ನೂ ಲೆಕ್ಕ ಹಾಕಿದ ವಿದ್ಯಾರ್ಥಿ ಈ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ತರಗತಿಗೆ ಕೆಲವು ಲೆಕ್ಕಗಳು

1. 480 ಗ್ರಾಂ ತೂಕದ ರಿವಾಲ್ವರಿನಿಂದ ಇದೇ ಗುಂಡು ಹೊರಟರೆ ಹಿಂದೊದೆತದ ವೇಗ ಮತ್ತು ಶಕ್ತಿ ಎಷ್ಟು? ಹಗುರ ಆಯುಧದ ಲಾಭ-ನಷ್ಟಗಳನ್ನು ಚರ್ಚಿಸಿ.

2. ಒಂದು ಗ್ರಾಂ ಮದ್ದಿನಲ್ಲಿ ಸುಮಾರು 4,000 ಜೂಲ್ ಶಕ್ತಿ ಇದ್ದರೆ, 0.1 ಗ್ರಾಂ ಮದ್ದಿನಿಂದ 117 ಜೂಲ್ ಪಡೆಯುವ ಈ 'ಎಂಜಿನ್ನಿನ' ದಕ್ಷತೆ ಎಷ್ಟು? ಉಳಿದ ಶಕ್ತಿ ಎಲ್ಲಿ ಹೋಯಿತು?

3. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಶಬ್ದದ ವೇಗ ಕಂಡುಹಿಡಿಯಿರಿ. ಸೆಕೆಂಡಿಗೆ 300 ಮೀಟರ್ ವೇಗದ ಗುಂಡು ಆಗಲೂ ಶಬ್ದಕ್ಕಿಂತ ಹಿಂದೆಯೇ ಇರುತ್ತದೆಯೇ?